ನಿದ್ದೆ ಸರಿಯಿಲ್ಲ ಅನ್ನಿಸಿದರೆ ಯಾರಿಗೆ ತೋರಿಸಬೇಕು, ಏನು ಹೇಳಬೇಕು

ನಿದ್ದೆಯ ಕಾಯಿಲೆಯಲ್ಲಿ ಒಂದು ತಮಾಷೆ ಇದೆ. ಅದು ಇರುವವರಿಗೇ ಕಾಣುವುದಿಲ್ಲ. ಹಲ್ಲು ನೋವಾದರೆ ನಿಮಗೇ ಗೊತ್ತಾಗುತ್ತದೆ, ಸೊಂಟ ಹಿಡಿದರೂ ಗೊತ್ತಾಗುತ್ತದೆ. ಆದರೆ ರಾತ್ರಿ ಎರಡೂವರೆಗೆ ಉಸಿರು ಕಟ್ಟಿ, ಒದ್ದಾಡಿ, ಗೊರ್ ಅಂತ ಗಾಳಿ ಎಳೆದುಕೊಂಡು ಮಗ್ಗುಲಾದರೆ ಅದು ಗೊತ್ತಾಗುವುದು ಪಕ್ಕದಲ್ಲಿ ಮಲಗಿದವರಿಗೆ ಮಾತ್ರ. ಡಾಕ್ಟರಿಗೂ ಕಾಣುವುದಿಲ್ಲ, ಯಾಕಂದ್ರೆ ನೀವು ಅವರ ಮುಂದೆ ಕೂರುವುದು ಬೆಳಿಗ್ಗೆ ಹನ್ನೊಂದಕ್ಕೆ, ಕಣ್ಣು ಬಿಟ್ಟುಕೊಂಡು, ತಲೆ ಬಾಚಿಕೊಂಡು. ಹಾಗಾಗಿ ಅರ್ಧ ಕೆಲಸ ನಮ್ಮದೇ. ರಾತ್ರಿ ಏನಾಗುತ್ತಿದೆ ಅನ್ನುವುದಕ್ಕೆ ಸಾಕ್ಷಿ ಒಟ್ಟುಮಾಡಿಕೊಂಡು ಹೋಗಬೇಕು. ಬರಿಗೈಯಲ್ಲಿ ಹೋಗಿ "ಸರ್, ನಿದ್ದೆ ಸರಿ ಇಲ್ಲ" ಅಂದರೆ, "ಟೆನ್ಷನ್ ಮಾಡ್ಕೋಬೇಡಿ" ಅಂತ ಒಂದು ಮಾತ್ರೆ ಬರೆದು ಕಳಿಸುವ ಸಾಧ್ಯತೆಯೇ ಜಾಸ್ತಿ.

ನಾನು ಡಾಕ್ಟರಲ್ಲ. ನಮ್ಮ ಭಾವನನ್ನು ಕರೆದುಕೊಂಡು ಈ ಓಡಾಟ ಪೂರ್ತಿ ಮಾಡಿದ್ದೇನೆ. ಆಮೇಲೆ ನೆಂಟರು, ಆಫೀಸಿನವರು ಕೇಳಿದಾಗೆಲ್ಲ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಮೊದಲು, ತೊಂದರೆ ಯಾವ ಥರದ್ದು ಅಂತ ನೋಡಿಕೊಳ್ಳಿ

"ನಿದ್ದೆ ಸರಿಯಿಲ್ಲ" ಅನ್ನುವ ಒಂದೇ ಮಾತಿನಲ್ಲಿ ಐದಾರು ಬೇರೆ ಬೇರೆ ಕಾಯಿಲೆ ಸೇರಿಕೊಂಡಿರುತ್ತವೆ. ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರು, ಒಂದೊಂದು ಪರೀಕ್ಷೆ. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ವಿಷವೂ ಆಗಬಹುದು.

ಹಾಸಿಗೆ ಮೇಲೆ ಬಿದ್ದರೂ ನಿದ್ದೆ ಹತ್ತುವುದಿಲ್ಲ, ಅಥವಾ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಬರುವುದಿಲ್ಲ: ಇದು ಇನ್ಸಾಮ್ನಿಯಾ, ನಿದ್ರಾಹೀನತೆ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ, ಮೂರು ತಿಂಗಳು ದಾಟಿದ್ದರೆ ಅದನ್ನು ದೀರ್ಘಕಾಲದ್ದು ಅಂತ ಲೆಕ್ಕ ಹಿಡಿಯುತ್ತಾರೆ.

ನಿದ್ದೆ ಚೆನ್ನಾಗಿ ಬರುತ್ತದೆ, ದಿಂಬು ಮುಟ್ಟಿದ ಕೂಡಲೇ ಗೊರಕೆ, ಆದರೆ ಬೆಳಿಗ್ಗೆ ಮೈ ಜಜ್ಜಿದ ಹಾಗೆ, ಬಾಯಿ ಒಣಗಿ, ತಲೆ ಭಾರ, ಮಧ್ಯಾಹ್ನ ತೂಕಡಿಕೆ: ಇಲ್ಲಿ ಮೊದಲು ಅನುಮಾನ ಪಡಬೇಕಾದ್ದು ಸ್ಲೀಪ್ ಅಪ್ನಿಯಾ. ಎಳನೀರು ಕುಡಿಯುವಾಗ ಪೇಪರ್ ಸ್ಟ್ರಾ ನೆನೆದು ಮೆತ್ತಗಾದರೆ, ಜೋರಾಗಿ ಹೀರಿದಷ್ಟೂ ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದಲ್ವಾ? ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾದಾಗ ಕೆಲವರಿಗೆ ಆಗುವುದೂ ಅದೇ. ಉಸಿರು 10 ಸೆಕೆಂಡೋ, ಅದಕ್ಕಿಂತ ಜಾಸ್ತಿಯೋ ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆಕ್ಷಣ ಎಬ್ಬಿಸಿ ಉಸಿರು ಎಳೆಸುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಕೆಲವರಿಗೆ ಇದು ಗಂಟೆಗೆ ಮೂವತ್ತು, ನಲವತ್ತು ಸಲ ಆಗುತ್ತದೆ, ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. 2022ರ ಫೆಬ್ರವರಿಯಲ್ಲಿ ಗಾಯಕ ಬಪ್ಪಿ ಲಹಿರಿ ತೀರಿಕೊಂಡಾಗ ಅವರಿಗೆ ಈ ಕಾಯಿಲೆ ಇತ್ತು ಅಂತ ಡಾಕ್ಟರು ಹೇಳಿದ್ದರು. ನಮ್ಮಲ್ಲಿ ಎಷ್ಟೋ ಜನ ಈ ಹೆಸರು ಮೊದಲ ಸಲ ಕೇಳಿದ್ದೇ ಆಗ.

ಸಂಜೆಯಾದರೆ, ಮಲಗಿದರೆ, ಕಾಲಿನಲ್ಲಿ ಏನೋ ಹರಿದಾಡಿದ ಹಾಗೆ, ಸೆಳೆದ ಹಾಗೆ, ಎದ್ದು ಓಡಾಡಿದರೆ ಮಾತ್ರ ಸಮಾಧಾನ: ಇದು ರೆಸ್ಟ್‌ಲೆಸ್ ಲೆಗ್ಸ್ ಇರಬಹುದು. ಮನೆಯ ಹೆಂಗಸರು ಇದನ್ನು "ಕಾಲು ಸೇದುತ್ತೆ" ಅಂತ ಹೇಳಿ, ಎಣ್ಣೆ ಹಚ್ಚಿ, ವರ್ಷಗಟ್ಟಲೆ ಹಾಗೇ ಇದ್ದುಬಿಡುತ್ತಾರೆ. ಎಷ್ಟೋ ಸಲ ಕಾರಣ ಕಬ್ಬಿಣದ ಅಂಶದ ಕೊರತೆ.

ಇನ್ನು ಕನಸಿನಲ್ಲಿ ಕಂಡದ್ದನ್ನು ಮೈಯಲ್ಲಿ ಮಾಡುವವರು ಇದ್ದಾರೆ. ಕೂಗುವುದು, ಒದೆಯುವುದು, ಪಕ್ಕದವರಿಗೆ ಏಟು ಬೀಳುವುದು. ಐವತ್ತು ದಾಟಿದವರಲ್ಲಿ ಇದು ಹೊಸದಾಗಿ ಶುರುವಾದರೆ ನಕ್ಕು ಬಿಡಬೇಡಿ, ನರರೋಗ ತಜ್ಞರಿಗೇ ತೋರಿಸಿ. ಮುಂದೆ ಪಾರ್ಕಿನ್ಸನ್ಸ್ ಬರುವ ಕೆಲವರಲ್ಲಿ ವರ್ಷಗಳ ಮುಂಚೆ ಕಾಣಿಸುವ ಲಕ್ಷಣಗಳಲ್ಲಿ ಇದೂ ಒಂದು. ನಗುವಾಗ, ಸಿಟ್ಟು ಬಂದಾಗ ಮಂಡಿ ಕುಸಿದ ಹಾಗಾಗಿ, ಜೊತೆಗೆ ಹಗಲು ತಡೆಯಲಾಗದ ನಿದ್ದೆ ಇದ್ದರೆ ಅದು ನಾರ್ಕೋಲೆಪ್ಸಿ ಇರಬಹುದು. ಅಪರೂಪದ್ದು, ಅದಕ್ಕೇ ಹಿಡಿಯುವುದು ತಡವಾಗುತ್ತದೆ.

ಎಚ್ಚರವಾಗಿರುತ್ತದೆ, ಆದರೆ ಕೈಕಾಲು ಅಲ್ಲಾಡಿಸಲಾಗುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ಇದಕ್ಕೆ ತಾಯಿತ ಕಟ್ಟಿಸಿಕೊಂಡವರನ್ನು ನೋಡಿದ್ದೇನೆ. ಇದು ನಿದ್ರಾ ಪಾರ್ಶ್ವವಾಯು. ನಿದ್ದೆಗೆಟ್ಟಾಗ ಒಂದೆರಡು ಸಲ ಯಾರಿಗೆ ಬೇಕಾದರೂ ಆಗಬಹುದು, ಜೀವಕ್ಕೇನೂ ಅಪಾಯ ಇಲ್ಲ. ಪದೇ ಪದೇ ಆಗುತ್ತಿದ್ದರೆ ಮಾತ್ರ ಡಾಕ್ಟರಿಗೆ ಹೇಳಿ.

ಕೊನೆಯದಾಗಿ, ಬರೀ ಟೈಮ್ ಸಾಲದೇ ಇರುವುದು. ರಾತ್ರಿ ಹನ್ನೆರಡೂವರೆವರೆಗೆ ರೀಲ್ಸ್ ನೋಡಿ, ಆರಕ್ಕೆ ಎದ್ದು ಕಂಪನಿ ಕ್ಯಾಬ್ ಹಿಡಿಯುವವರಿಗೆ ಕಾಯಿಲೆ ಹುಡುಕುವ ಮುಂಚೆ ಎರಡು ವಾರ ಏಳೂವರೆ ಗಂಟೆ ಮಲಗಿ ನೋಡಿ ಅಂತಲೇ ಹೇಳುತ್ತೇನೆ. ನೈಟ್ ಶಿಫ್ಟ್‌ನವರ ಕಥೆ ಬೇರೆ. ನರ್ಸ್, ಸೆಕ್ಯುರಿಟಿ, ಕಾಲ್ ಸೆಂಟರ್ ಕೆಲಸದವರು ಡಾಕ್ಟರ ಹತ್ತಿರ ಹೋದರೆ ಮೊದಲ ವಾಕ್ಯದಲ್ಲೇ ಶಿಫ್ಟ್ ವಿಷಯ ಹೇಳಿಬಿಡಿ. ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಪಕ್ಕದಲ್ಲಿ ಮಲಗುವವರನ್ನು ಕೇಳಿ

ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಗಂಡ, ಹೆಂಡತಿ, ಅಮ್ಮ, ರೂಮ್‌ಮೇಟ್, ಯಾರಾದರೂ ಸರಿ. "ನಾನು ಗೊರಕೆ ಹೊಡೀತೀನಾ?" ಅಂತ ಕೇಳಬೇಡಿ, ಅದಕ್ಕೆ ಬರುವ ಉತ್ತರ ಗೊತ್ತೇ ಇದೆ. "ಗೊರಕೆ ಮಧ್ಯೆ ಸದ್ದು ಪೂರ್ತಿ ನಿಂತು, ಆಮೇಲೆ ಒಮ್ಮೆಲೇ ಜೋರಾಗಿ ಉಸಿರು ಎಳೀತೀನಾ?" ಅಂತ ಕೇಳಿ. ಸದ್ದಿಗಿಂತ ನಡುವಿನ ಮೌನ ಮುಖ್ಯ. ನಮ್ಮಕ್ಕ ಹೇಳಿದ್ದು ಹೀಗೆ: "ಗೊರಕೆಗೆ ಅಭ್ಯಾಸ ಆಗಿಬಿಟ್ಟಿದೆ ಕಣೋ, ನಿಂತಾಗಲೇ ನಂಗೆ ಎಚ್ಚರ ಆಗೋದು." ಆ ಒಂದು ಮಾತನ್ನು ಡಾಕ್ಟರು ಚೀಟಿಯಲ್ಲಿ ಬರೆದುಕೊಂಡರು.

ಹೇಳುವುದಕ್ಕಿಂತ ವಿಡಿಯೊ ಮೇಲು. ಮೊದಲೇ ಒಪ್ಪಿಗೆ ಕೇಳಿ, ಆಮೇಲೆ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ ನಗಬೇಡಿ. ಸಣ್ಣ ಬೆಡ್‌ಲೈಟ್ ಹಾಕಿ, ಹೊದಿಕೆ ಸ್ವಲ್ಪ ಸರಿಸಿ, ಮುಖ, ಎದೆ, ಹೊಟ್ಟೆ ಮೂರೂ ಕಾಣುವ ಹಾಗೆ ಹತ್ತು ನಿಮಿಷ ಹಿಡಿಯಿರಿ. ಹೊಟ್ಟೆ ಮೇಲೆ ಕೆಳಗೆ ಆಗುತ್ತಿದ್ದು, ಮೂಗಿನಿಂದ ಸದ್ದೇ ಬರದಿದ್ದರೆ ಅದು ನೋಡಬೇಕಾದ ಕ್ಷಣ. ಬೆಳಗಿನ ಜಾವ ಮೂರರಿಂದ ಐದರ ಒಳಗೆ, ಅಂಗಾತ ಮಲಗಿದಾಗ ಸಿಗುವ ಸಾಧ್ಯತೆ ಜಾಸ್ತಿ, ಯಾಕಂದ್ರೆ ಕನಸಿನ ನಿದ್ದೆ ರಾತ್ರಿಯ ಕೊನೆ ಭಾಗದಲ್ಲೇ ಹೆಚ್ಚು, ಆಗ ಸ್ನಾಯು ಇನ್ನಷ್ಟು ಸಡಿಲ. ಪಿಜಿಯಲ್ಲಿ ಒಬ್ಬರೇ ಇದ್ದರೆ ಮೊಬೈಲ್ ಚಾರ್ಜಿಗೆ ಹಾಕಿ ಬರೀ ಆಡಿಯೊ ರೆಕಾರ್ಡ್ ಮಾಡಿ. ಅದೂ ನಡೆಯುತ್ತದೆ.

ಸ್ಮಾರ್ಟ್‌ವಾಚ್ ಬಗ್ಗೆ ಒಂದು ಮಾತು. ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ ಅನ್ನುವುದಕ್ಕೆ ಅದು ಪರವಾಗಿಲ್ಲ. "ಡೀಪ್ ಸ್ಲೀಪ್ 42 ನಿಮಿಷ" ಅಂತ ತೋರಿಸಿದ್ದಕ್ಕೆ ಇಡೀ ದಿನ ಕೊರಗುವುದು ಮಾತ್ರ ಸುಮ್ನೆ. ವಾಚು ಮಣಿಕಟ್ಟಿನ ಅಲುಗಾಟ, ನಾಡಿ ನೋಡಿ ಅಂದಾಜು ಮಾಡುತ್ತದೆ, ಮೆದುಳಿನ ಅಲೆ ನೋಡುವುದಿಲ್ಲ. ನಿದ್ದೆ ಬಗ್ಗೆ ಚಿಂತೆ ಮಾಡಿ ಮಾಡಿಯೇ ನಿದ್ದೆ ಕಳೆದುಕೊಂಡವರು ವಾಚನ್ನು ಒಂದು ತಿಂಗಳು ಬೀರುವಿನಲ್ಲಿ ಇಟ್ಟರೆ ಒಳ್ಳೆಯದು.

ಎರಡು ವಾರದ ಲೆಕ್ಕ ಬರೆಯಿರಿ

ದೊಡ್ಡ ಡೈರಿ ಬೇಡ, ಗೋಡೆಗೆ ನೇತುಹಾಕಿದ ಕ್ಯಾಲೆಂಡರ್‌ನ ಆಯಾ ದಿನದ ಚೌಕದಲ್ಲಿ ಗೀಚಿದರೂ ಸಾಕು. ಮಲಗಿದ್ದು, ಅಂದಾಜು ನಿದ್ದೆ ಹತ್ತಿದ್ದು, ಎಚ್ಚರವಾದದ್ದು, ಮೂತ್ರಕ್ಕೆ ಎದ್ದದ್ದು, ಬೆಳಿಗ್ಗೆ ಎದ್ದದ್ದು. ಹಗಲು ಮಲಗಿದ್ದು, ಕಾಫಿ, ಟೀ, ಡ್ರಿಂಕ್ಸ್, ನುಂಗಿದ ಮಾತ್ರೆ. ಇದನ್ನು ಬೆಳಿಗ್ಗೆ ಎದ್ದ ಮೇಲೆ ಬರೆಯಿರಿ. ರಾತ್ರಿ ಪದೇ ಪದೇ ಗಡಿಯಾರ ನೋಡಿ ಬರೆಯುತ್ತಾ ಕೂತರೆ ಅದೇ ಒಂದು ಕಾಯಿಲೆ ಆಗುತ್ತದೆ.

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ನಮ್ಮವರು ಶುಗರ್ ಅಂತಲೋ, ಪ್ರಾಸ್ಟೇಟ್ ಅಂತಲೋ ಅಂದುಕೊಳ್ಳುತ್ತಾರೆ. ಇರಬಹುದು, ಅದನ್ನೂ ನೋಡಿಸಿ. ಆದರೆ ಅಪ್ನಿಯಾದಲ್ಲೂ ಇದು ಆಗುತ್ತದೆ. ಮುಚ್ಚಿದ ಗಂಟಲಿನ ವಿರುದ್ಧ ಉಸಿರು ಎಳೆಯುವಾಗ ಹೃದಯದ ಮೇಲೆ ಒತ್ತಡ ಬಿದ್ದು, ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುಗಡೆಯಾಗುತ್ತದೆ.

ಇನ್ನೆರಡು ಸಣ್ಣ ಲೆಕ್ಕ ಮನೆಯಲ್ಲೇ ಹಾಕಬಹುದು. ಒಂದು ಎಪ್‌ವರ್ತ್ ಪ್ರಶ್ನೆಪಟ್ಟಿ, 1991ರಿಂದ ಬಳಕೆಯಲ್ಲಿದೆ. ಟಿವಿ ನೋಡುವಾಗ, ಓದುವಾಗ, ಒಂದು ಗಂಟೆ ಕಾರಿನಲ್ಲಿ ಸುಮ್ಮನೆ ಕೂತು ಹೋಗುವಾಗ, ಊಟವಾದ ಮೇಲೆ ಕೂತಾಗ, ಹೀಗೆ ಎಂಟು ಸಂದರ್ಭದಲ್ಲಿ ತೂಕಡಿಕೆ ಬರುವ ಸಾಧ್ಯತೆಗೆ 0ಯಿಂದ 3ರವರೆಗೆ ಅಂಕ ಕೊಡಬೇಕು. ಒಟ್ಟು 24. ಹತ್ತಕ್ಕಿಂತ ಜಾಸ್ತಿ ಬಂದರೆ ಹಗಲು ನಿದ್ದೆ ಅತಿಯಾಗಿದೆ ಅಂತ ಅರ್ಥ.

ಎರಡನೆಯದು ಸ್ಟಾಪ್-ಬ್ಯಾಂಗ್, ಅಪ್ನಿಯಾ ಇರುವ ಸಾಧ್ಯತೆ ಎಷ್ಟು ಅಂತ ನೋಡುವ ಪಟ್ಟಿ. ಇದರಲ್ಲೂ ಎಂಟು ಪ್ರಶ್ನೆ: ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ, ದಪ್ಪ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಮೇಲಿದೆಯಾ, ಗಂಡಸಾ. ಹೌದು ಅಂದದ್ದು ಐದೋ, ಅದಕ್ಕಿಂತ ಜಾಸ್ತಿಯೋ ಇದ್ದರೆ ತಡ ಮಾಡಬೇಡಿ, ಮೂರು ನಾಲ್ಕು ಇದ್ದರೂ ಕೇಳಬೇಕಾದ್ದೇ. ಟೈಲರ್ ಟೇಪಿನಲ್ಲಿ ಕತ್ತು ಅಳೆದರೆ ಆಯಿತು, 40 ಅಂದರೆ ಹೆಚ್ಚು ಕಡಿಮೆ 16 ಇಂಚು.

ಆದರೆ ಈ ಪಟ್ಟಿಯಲ್ಲಿ ದಪ್ಪ ಅಂದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 35ರ ಮೇಲೆ. ನಮ್ಮ ಜನಕ್ಕೆ ಅಷ್ಟೆಲ್ಲ ತೂಕ ಇಲ್ಲದೆಯೂ ಅಪ್ನಿಯಾ ಬರುತ್ತದೆ, ದವಡೆ ಸಣ್ಣದಿದ್ದರೆ ತೆಳ್ಳಗಿದ್ದವರಿಗೂ ಬರುತ್ತದೆ. ಹೆಂಗಸರ ವಿಷಯದಲ್ಲಂತೂ ಇದು ಇನ್ನೂ ಮೋಸ. ಅವರಲ್ಲಿ ಎಷ್ಟೋ ಸಲ ಜೋರು ಗೊರಕೆ ಇರುವುದಿಲ್ಲ, ಸುಸ್ತು, ಬೆಳಗಿನ ತಲೆನೋವು, ಮಧ್ಯರಾತ್ರಿ ಎಚ್ಚರ, ಮನಸ್ಸು ಮಂಕು, ಇಷ್ಟೇ ಇರುತ್ತದೆ. ಮುಟ್ಟು ನಿಂತ ಮೇಲೆ ಅಪಾಯ ಜಾಸ್ತಿ. "ವಯಸ್ಸಾಯ್ತಲ್ಲಮ್ಮ, ಹಾಗೇ ಇರುತ್ತೆ" ಅಂತ ಸಮಾಧಾನ ಹೇಳಿ ಕಳಿಸಿದರೆ ಅಲ್ಲಿಗೇ ಬಿಡಬೇಡಿ.

ಕಾಯಬಾರದ ಸಂದರ್ಭ

ಗಾಡಿ ಓಡಿಸುವಾಗ ಒಂದು ಸಲ ಕಣ್ಣು ಮುಚ್ಚಿದ್ದರೂ ಈ ಎರಡು ವಾರದ ಲೆಕ್ಕ ಎಲ್ಲ ಬಿಟ್ಟು ನೇರವಾಗಿ ಡಾಕ್ಟರ ಹತ್ತಿರ ಹೋಗಿ. ಅಲ್ಲಿವರೆಗೆ ಸ್ಟೀರಿಂಗ್ ಬೇರೆಯವರಿಗೆ ಕೊಡಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಹೊರಟು, ಹಿರಿಯೂರು ದಾಟಿದ ಮೇಲೆ ಕಿಟಕಿ ಇಳಿಸಿ, ಮುಖಕ್ಕೆ ನೀರು ಹಾಕಿಕೊಂಡು ಓಡಿಸುತ್ತೇನೆ ಅನ್ನುವವರಿದ್ದಾರೆ. ನೀರು ಐದು ನಿಮಿಷ ಕೆಲಸ ಮಾಡುತ್ತದೆ, ಅಷ್ಟೇ. ಬಸ್ಸು, ಲಾರಿ, ಕ್ಯಾಬ್ ಓಡಿಸುವವರಿಗೆ, ಮೆಷಿನ್ ಮೇಲೆ ಕೆಲಸ ಮಾಡುವವರಿಗೆ ಇದೇ ಮಾತು.

ಮೂರು ಮಾತ್ರೆ ತಗೊಂಡರೂ ಇಳಿಯದ ಬಿಪಿ, ಗರ್ಭಿಣಿಯರಲ್ಲಿ ಹೊಸದಾಗಿ ಶುರುವಾದ ಜೋರು ಗೊರಕೆ ಜೊತೆಗೆ ಬಿಪಿ, ಹೃದಯದ ಬಡಿತ ತಪ್ಪುವುದು, ಇವೂ ಬೇಗ ತೋರಿಸಬೇಕಾದವೇ. ನಿದ್ದೆ ಬರದೆ ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋಗಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಯಾರ ಹತ್ತಿರ ಹೋಗಬೇಕು

ಮೊದಲು ನಿಮ್ಮ ಮಾಮೂಲಿ ಡಾಕ್ಟರು. ಬಿಪಿ ನೋಡುತ್ತಾರೆ, ಬಾಯಿ ತೆಗೆಸಿ ಗಂಟಲು ನೋಡುತ್ತಾರೆ, ರಕ್ತ ಪರೀಕ್ಷೆ ಬರೆಯುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಶುಗರ್ ಸಾಮಾನ್ಯವಾಗಿ ಇರುತ್ತದೆ. ಕಾಲಿನ ತೊಂದರೆ ಇದ್ದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಸೇರಿಸಿ ಅಂತ ನೀವೇ ಕೇಳಿ. ಲ್ಯಾಬ್ ರಿಪೋರ್ಟ್‌ನಲ್ಲಿ ನಾರ್ಮಲ್ ಅಂತ ಬಂದರೂ, ರೆಸ್ಟ್‌ಲೆಸ್ ಲೆಗ್ಸ್ ಇದ್ದವರಿಗೆ ಅದು 75ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಮಾತ್ರೆ ಕೊಡುವುದುಂಟು. ನೆಗಡಿಗೆ, ಅಲರ್ಜಿಗೆ ಕೊಡುವ ನಿದ್ದೆ ಬರಿಸುವಂಥ ಕೆಲವು ಮಾತ್ರೆಗಳು ಈ ಕಾಲಿನ ತೊಂದರೆಯನ್ನು ಜಾಸ್ತಿ ಮಾಡುತ್ತವೆ. ಏನೇನು ನುಂಗುತ್ತಿದ್ದೀರಿ ಅನ್ನುವ ಪಟ್ಟಿ ಕೈಯಲ್ಲಿರಲಿ, ಆಯುರ್ವೇದದ್ದೂ ಸೇರಿ.

ಅಲ್ಲಿಂದ ಮುಂದೆ: ಗೊರಕೆ, ಉಸಿರು ನಿಲ್ಲುವುದು ಇದ್ದರೆ ಶ್ವಾಸಕೋಶ ತಜ್ಞರು ಅಥವಾ ಇಎನ್‌ಟಿ. ಕಾಲು, ಕನಸಿನ ಒದ್ದಾಟ, ಹಗಲು ತಡೆಯಲಾಗದ ನಿದ್ದೆಗೆ ನ್ಯೂರಾಲಜಿ. ನಿದ್ದೆಯೇ ಬರದಿದ್ದರೆ ಮನೋವೈದ್ಯರು ಅಥವಾ ನಿದ್ರಾಹೀನತೆಗೆ ಅಂತಲೇ ಇರುವ ಸಿಬಿಟಿ-ಐ (ನಿದ್ದೆಯ ಬಗ್ಗೆ ಇರುವ ಯೋಚನೆ, ಅಭ್ಯಾಸ ತಿದ್ದುವ, ಮಾತ್ರೆ ಇಲ್ಲದ ಚಿಕಿತ್ಸೆ) ಗೊತ್ತಿರುವ ಮನಶ್ಶಾಸ್ತ್ರಜ್ಞರು. ಮಾತ್ರೆಗಿಂತ ಮುಂಚೆ ಕೊಡಬೇಕಾದ್ದು ಈ ಚಿಕಿತ್ಸೆಯೇ ಅಂತ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ, ನಮ್ಮಲ್ಲಿ ಮಾತ್ರ ಕೊಡುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಹುಡುಕುವಾಗ ಆಸ್ಪತ್ರೆಗೆ ಫೋನ್ ಮಾಡಿ "ನಿಮ್ಮಲ್ಲಿ ಸ್ಲೀಪ್ ಲ್ಯಾಬ್ ಇದೆಯಾ, ರಿಪೋರ್ಟ್ ಯಾವ ಡಾಕ್ಟರು ನೋಡ್ತಾರೆ?" ಅಂತ ಕೇಳುವುದು ಒಳ್ಳೆಯ ದಾರಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಕಾಯಿಲೆಗಳನ್ನು ನೋಡುತ್ತಾರೆ, ಸ್ಲೀಪ್ ಲ್ಯಾಬ್ ಇದೆ, ಖಾಸಗಿಗಿಂತ ಖರ್ಚು ಕಡಿಮೆ. ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ ಕ್ಯೂ ನಿಲ್ಲಬೇಕಾಗುತ್ತದೆ, ಅದಕ್ಕೆ ತಯಾರಿರಿ. ನಿಮ್ಹಾನ್ಸ್ ಅಂದ ಕೂಡಲೇ ಮನೆಯಲ್ಲಿ ಯಾರಾದರೂ ಮುಖ ಸಣ್ಣದು ಮಾಡುತ್ತಾರೆ, "ಅಲ್ಲಿಗ್ಯಾಕೆ, ಏನಾಗಿದೆ ನಿಂಗೆ?" ಅಂತ. ಅಲ್ಲಿ ಪಾರ್ಶ್ವವಾಯು, ಫಿಟ್ಸ್, ಮೆದುಳಿನ ಆಪರೇಷನ್ ಎಲ್ಲ ನಡೆಯುತ್ತದೆ ಅಂತ ಹೇಳಿ ಬಾಯಿ ಮುಚ್ಚಿಸಿ.

ಮಕ್ಕಳು ಬಾಯಿ ತೆರೆದು ಮಲಗಿ ದಿನಾ ಗೊರಕೆ ಹೊಡೆಯುತ್ತಿದ್ದರೆ ಅದು ಮುದ್ದಿನ ವಿಷಯ ಅಲ್ಲ. ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ), ಟಾನ್ಸಿಲ್ ದೊಡ್ಡದಾಗಿರಬಹುದು. ಓದಿನಲ್ಲಿ ಗಮನ ಇಲ್ಲ, ಹಟ ಜಾಸ್ತಿ, ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ ಅಂದರೆ ಮಕ್ಕಳ ಡಾಕ್ಟರಿಗೆ ನಿದ್ದೆಯ ವಿಷಯ ನೀವಾಗಿಯೇ ಎತ್ತಿ.

ಒಳಗೆ ಹೋದ ಮೇಲೆ

ನಿಮಗೆ ಸಿಗುವುದು ಐದು ನಿಮಿಷ. ಅದರಲ್ಲಿ ಮೂರು ನಿಮಿಷ ಊರಿನ ಕಥೆ ಹೇಳಿದರೆ ಮುಗಿಯಿತು. ನಾಲ್ಕೇ ವಾಕ್ಯ ತಯಾರಿಟ್ಟುಕೊಳ್ಳಿ: ಏನು ತೊಂದರೆ, ಎಷ್ಟು ದಿನದಿಂದ, ರಾತ್ರಿ ಏನಾಗುತ್ತದೆ ಅಂತ ನೋಡಿದವರು ಏನು ಹೇಳಿದರು, ಹಗಲು ಅದರಿಂದ ಏನು ಕೆಟ್ಟಿದೆ. ಹಗಲಿನ ವಿಷಯ ಬಿಡಬೇಡಿ. "ಹೋದ ತಿಂಗಳು ಸಿಗ್ನಲ್‌ನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ನಿದ್ದೆ ಹೋಗಿದ್ದೆ ಸರ್" ಅಂತ ನಮ್ಮ ಭಾವ ಹೇಳುವವರೆಗೆ ಆ ಡಾಕ್ಟರು ಕಂಪ್ಯೂಟರ್ ಕಡೆಯೇ ನೋಡುತ್ತಿದ್ದರು. ಸಾಧ್ಯವಾದರೆ ಪಕ್ಕದಲ್ಲಿ ಮಲಗುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ.

ನಿದ್ದೆ ಮಾತ್ರೆ ಬರೆದರೆ ಕೇಳಲೇಬೇಕಾದ ಪ್ರಶ್ನೆ: "ಡಾಕ್ಟ್ರೇ, ನಂಗೆ ಗೊರಕೆ ಇದೆ, ಅಪ್ನಿಯಾ ಇರಬಹುದಾ? ಇದ್ದರೆ ಈ ಮಾತ್ರೆ ತಗೋಬಹುದಾ?" ಆಲ್‌ಪ್ರಜೋಲಾಮ್ ಥರದ ಮಾತ್ರೆಗಳು ಗಂಟಲನ್ನು ಇನ್ನಷ್ಟು ಸಡಿಲ ಮಾಡಿ ಅಪ್ನಿಯಾ ಹೆಚ್ಚಿಸಬಹುದು, ಅಭ್ಯಾಸವೂ ಆಗುತ್ತದೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವಂತಿಲ್ಲ, ಕೊಟ್ಟರೂ ತಗೋಬೇಡಿ. ಈಗಾಗಲೇ ತುಂಬಾ ದಿನದಿಂದ ನುಂಗುತ್ತಿದ್ದರೆ ಇದನ್ನು ಓದಿ ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರ ಸಲಹೆ ಪ್ರಕಾರ ನಿಧಾನವಾಗಿ ಇಳಿಸಬೇಕು. "ಮಲಗೋ ಮುಂಚೆ ಒಂದು ಪೆಗ್ ಹಾಕಿದರೆ ಒಳ್ಳೆ ನಿದ್ದೆ" ಅನ್ನುವವರಿಗೂ ಗಂಟಲು ಸಡಿಲವಾಗುವ ಮಾತು ಅನ್ವಯಿಸುತ್ತದೆ.

ಸ್ಲೀಪ್ ಸ್ಟಡಿ: ಮನೆಯಲ್ಲಾ, ಲ್ಯಾಬ್‌ನಲ್ಲಾ?

ಬರೀ ಅಪ್ನಿಯಾ ಅನುಮಾನ ಜೋರಾಗಿದ್ದು, ಬೇರೆ ದೊಡ್ಡ ಕಾಯಿಲೆ ಇಲ್ಲದಿದ್ದರೆ ಮನೆಯಲ್ಲೇ ಮಾಡುವ ಪರೀಕ್ಷೆ ಸಾಕಾಗಬಹುದು. ಸಂಜೆ ಒಬ್ಬರು ಬಂದು ಮೂಗಿಗೆ ಸಣ್ಣ ನಳಿಕೆ, ಎದೆಗೆ ಬೆಲ್ಟ್, ಬೆರಳಿಗೆ ಕ್ಲಿಪ್ ಹಾಕಿ ಹೋಗುತ್ತಾರೆ, ಬೆಳಿಗ್ಗೆ ಬಂದು ಬಿಚ್ಚಿಕೊಂಡು ಹೋಗುತ್ತಾರೆ. ಖರ್ಚು ಕಡಿಮೆ, ನಿಮ್ಮದೇ ಹಾಸಿಗೆ. ಕೊರತೆ ಏನಂದ್ರೆ, ಇದರಲ್ಲಿ ಮೆದುಳಿನ ಅಲೆ ದಾಖಲಾಗುವುದಿಲ್ಲ, ಹಾಗಾಗಿ ನೀವು ನಿಜವಾಗಿ ಎಷ್ಟು ಹೊತ್ತು ಮಲಗಿದ್ದಿರಿ ಅಂತ ಆ ಯಂತ್ರಕ್ಕೆ ಗೊತ್ತಿಲ್ಲ. ಅರ್ಧ ರಾತ್ರಿ ಎಚ್ಚರವಾಗಿ ಛಾವಣಿ ನೋಡುತ್ತಾ ಬಿದ್ದಿದ್ದರೂ ಆ ಹೊತ್ತೆಲ್ಲ ಲೆಕ್ಕಕ್ಕೆ ಸೇರಿ, ಕಾಯಿಲೆ ಇರುವುದಕ್ಕಿಂತ ಕಡಿಮೆ ಕಾಣಬಹುದು. ಮನೆ ಪರೀಕ್ಷೆ ನಾರ್ಮಲ್ ಬಂದು ಲಕ್ಷಣ ಹಾಗೇ ಇದ್ದರೆ ಲ್ಯಾಬ್ ಪರೀಕ್ಷೆ ಕೇಳಿ. ಹೃದಯದ ತೊಂದರೆ, ತೀವ್ರ ಶ್ವಾಸಕೋಶದ ಕಾಯಿಲೆ, ಪಾರ್ಶ್ವವಾಯು ಆಗಿದ್ದವರಿಗೆ, ಕನಸಿನ ಒದ್ದಾಟ ಇರುವವರಿಗೆ ಮೊದಲೇ ಲ್ಯಾಬ್ ಬೇಕು. ನಾರ್ಕೋಲೆಪ್ಸಿ ಅನುಮಾನ ಇದ್ದರೆ ಮಾರನೇ ಹಗಲೂ ಅಲ್ಲೇ ಇರಿಸಿಕೊಂಡು, ಎರಡೆರಡು ಗಂಟೆಗೊಮ್ಮೆ ಸಣ್ಣ ನಿದ್ದೆ ಮಾಡಿಸಿ ನೋಡುತ್ತಾರೆ.

ಲ್ಯಾಬ್ ರಾತ್ರಿಗೆ ತಯಾರಿ ಸುಲಭ, ಆದರೆ ನಮ್ಮ ಜನ ತಪ್ಪುವುದು ಒಂದೇ ಕಡೆ: ತಲೆಗೆ ಎಣ್ಣೆ. ಭಾವ ಊರಿಂದ ಬಂದವರು, ನೀಟಾಗಿ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ್ದರು. ಟೆಕ್ನಿಷಿಯನ್ ಹುಡುಗ ತಲೆ ಮುಟ್ಟಿ ನೋಡಿ, "ಅಯ್ಯೋ ಸರ್, ಇದಕ್ಕೆ ವೈರ್ ಅಂಟಲ್ಲ, ಶಾಂಪೂ ಹಾಕ್ಕೊಂಡು ಬಂದ್ಬಿಡಿ" ಅಂತ ರಾತ್ರಿ ಒಂಬತ್ತಕ್ಕೆ ಬಾತ್‌ರೂಮಿಗೆ ಕಳಿಸಿದ. ಹಾಗಾಗಿ ಆ ದಿನ ತಲೆಸ್ನಾನ ಮಾಡಿ, ಎಣ್ಣೆ, ಜೆಲ್ ಏನೂ ಬೇಡ. ಕ್ಲಿಪ್ ಹಾಕಲು ಒಂದು ಬೆರಳಾದರೂ ನೇಲ್ ಪಾಲಿಶ್, ಮೆಹಂದಿ ಇಲ್ಲದೆ ಇರಲಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಹಗಲು ಮಲಗುವುದು ಬೇಡ. ಮುಂದೆ ಗುಂಡಿ ಇರುವ ಅಂಗಿ, ಸಡಿಲ ಪೈಜಾಮ, ನಿಮ್ಮದೇ ದಿಂಬು. ದಿನದ ಮಾತ್ರೆ ತಗೋಬೇಕಾ ಬೇಡವಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಆಮೇಲೆ ಒಂದು ಗಂಟೆ ವೈರ್ ಅಂಟಿಸುವ ಕೆಲಸ. ತಲೆಗೆ, ಕಣ್ಣಿನ ಪಕ್ಕ, ಗದ್ದಕ್ಕೆ, ಎದೆಗೆ, ಮೀನಖಂಡಕ್ಕೆ. ಮೂಗಿನ ಹತ್ತಿರ ನಳಿಕೆ, ಎದೆಗೂ ಹೊಟ್ಟೆಗೂ ಒಂದೊಂದು ಬೆಲ್ಟ್. ಮಲಗಿದ ಮೇಲೆ ಸ್ಪೀಕರ್‌ನಲ್ಲಿ ದನಿ ಬರುತ್ತದೆ: "ಸರ್, ತಲೆ ಅಲ್ಲಾಡಿಸದೆ ಕಣ್ಣು ಮೇಲೆ ಮಾಡಿ... ಕೆಳಗೆ... ಹಲ್ಲು ಕಚ್ಚಿ... ಈಗ ಬಲಗಾಲು ಅಲ್ಲಾಡಿಸಿ." ವೈರ್‌ಗಳು ಸರಿಯಾಗಿ ಕೆಲಸ ಮಾಡುತ್ತಿವೆಯಾ ಅಂತ ನೋಡುವುದು, ಅಷ್ಟೇ. ನೋವಿಲ್ಲ, ಸೂಜಿ ಇಲ್ಲ. ಬಾತ್‌ರೂಮಿಗೆ ಹೋಗಬೇಕಾದರೆ ಕೂಗಿದರೆ ಬಂದು ಬಿಚ್ಚುತ್ತಾರೆ. "ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಎಲ್ಲಿ ಬರುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ, ಮನೆಯಷ್ಟು ಚೆನ್ನಾಗಿ ಅಲ್ಲ, ಆದರೆ ಸಾಮಾನ್ಯವಾಗಿ ಪರೀಕ್ಷೆಗೆ ಅಷ್ಟು ಸಾಕು. ಅಪ್ನಿಯಾ ಜೋರಾಗಿದ್ದರೆ ಕೆಲವು ಕಡೆ ಮಧ್ಯರಾತ್ರಿ ಎಬ್ಬಿಸಿ ಗಾಳಿ ಕಳಿಸುವ ಯಂತ್ರದ ಮಾಸ್ಕ್ ಹಾಕಿ, ಉಳಿದ ರಾತ್ರಿ ಅದರ ಜೊತೆ ನೋಡುತ್ತಾರೆ. ಹಾಗೆ ಮಾಡುತ್ತೀರಾ ಅಂತ ಮೊದಲೇ ಕೇಳಿ, ಇನ್ನೊಂದು ರಾತ್ರಿಯ ಬಿಲ್ ಉಳಿಯುತ್ತದೆ.

ರಿಪೋರ್ಟ್ ಕೈಗೆ ಬಂದಾಗ

ಪುಟಗಟ್ಟಲೆ ಗ್ರಾಫ್ ಇರುತ್ತದೆ, ಹೆದರಬೇಡಿ. ಎಎಚ್‌ಐ ಅನ್ನುವ ಸಂಖ್ಯೆ ಹುಡುಕಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅನ್ನುವ ಲೆಕ್ಕ ಅದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ನಾರ್ಮಲ್, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮಕ್ಕಳಿಗೆ ಲೆಕ್ಕವೇ ಬೇರೆ. ಆಮೇಲೆ ಆಮ್ಲಜನಕ ಎಷ್ಟಕ್ಕೆ ಇಳಿದಿತ್ತು, ಅಂಗಾತ ಮಲಗಿದಾಗ ಎಷ್ಟು, ಮಗ್ಗುಲಲ್ಲಿ ಎಷ್ಟು ಅನ್ನುವುದನ್ನು ನೋಡಿ. ಅಂಗಾತ ಮಲಗಿದಾಗ ಮಾತ್ರ ಕೆಟ್ಟಿದ್ದರೆ ಮಗ್ಗುಲಾಗಿ ಮಲಗುವ ಅಭ್ಯಾಸವೇ ಅರ್ಧ ಚಿಕಿತ್ಸೆ. ರಿಪೋರ್ಟ್ ಜೊತೆಗೆ ಆ ಮಾಸ್ಕಿನ ಯಂತ್ರ ಮಾರುವವರ ವಿಸಿಟಿಂಗ್ ಕಾರ್ಡೂ ಬಂದರೆ, ಮೊದಲು ರಿಪೋರ್ಟ್ ಡಾಕ್ಟರಿಗೆ ತೋರಿಸಿ, ಕಾರ್ಡು ಆಮೇಲೆ.

ದುಡ್ಡಿನ ವಿಷಯ. ಎರಡು ಮೂರು ಕಡೆ ಫೋನ್ ಮಾಡಿ ರೇಟ್ ಕೇಳಿ, ತುಂಬಾ ವ್ಯತ್ಯಾಸ ಇರುತ್ತದೆ. ಬರೀ ಪರೀಕ್ಷೆಗೆ ಅಂತ ಅಡ್ಮಿಟ್ ಆದರೆ ಸಾಮಾನ್ಯವಾಗಿ ಆರೋಗ್ಯ ವಿಮೆ ಕೊಡುವುದಿಲ್ಲ, ಪಾಲಿಸಿಯಲ್ಲಿ ಹೊರಗಿಟ್ಟವುಗಳ ಪಟ್ಟಿಯಲ್ಲಿ ನೋಡಿ. ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ಇರುವವರು ಯಂತ್ರ ಕೊಳ್ಳುವ ಮುಂಚೆ ಅನುಮತಿಯ ನಿಯಮ ವಿಚಾರಿಸಿ, ಕೊಂಡ ಮೇಲೆ ಅಲ್ಲ.

ಸಿಪ್ಯಾಪ್ ಬರೆದರೆ

ಮಧ್ಯಮ, ತೀವ್ರ ಅಪ್ನಿಯಾಗೆ ಮೊದಲು ಹೇಳುವುದು ಇದನ್ನೇ. ಮಾಸ್ಕ್ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕಳಿಸಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುವ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ವರದಿ ಮಾಡಿದಾಗಿನಿಂದ ಮೂಲ ಉಪಾಯ ಬದಲಾಗಿಲ್ಲ. ಸೌಮ್ಯ ಇದ್ದರೆ ದವಡೆ ಮುಂದೆ ತರುವ ಹಲ್ಲಿನ ಸಾಧನ, ತೂಕ ಇಳಿಸುವುದು, ಮೂಗಿನ ಅಡಚಣೆ ಸರಿ ಮಾಡುವುದು ಇಂಥ ದಾರಿಗಳೂ ಇವೆ. ಶಂಖ ಊದಿದರೆ ಅಪ್ನಿಯಾ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿರಬಹುದು. 2025ರಲ್ಲಿ ಜೈಪುರದ ವೈದ್ಯರು 30 ಜನರ ಮೇಲೆ ಅಂಥ ಅಧ್ಯಯನ ಮಾಡಿದ್ದು ನಿಜ, ಫಲಿತಾಂಶ ಚೆನ್ನಾಗಿದ್ದದ್ದೂ ನಿಜ. ಆದರೆ 30 ಜನ ಅಂದರೆ ಸಣ್ಣ ಅಧ್ಯಯನ. ಊದಿ, ಮಾಸ್ಕ್ ಮಾತ್ರ ತೆಗೆದಿಡಬೇಡಿ.

ಯಂತ್ರ ಒಮ್ಮೆಲೇ ಕೊಳ್ಳಬೇಡಿ, ಬಾಡಿಗೆಗೆ ಅಥವಾ ಟ್ರಯಲ್‌ಗೆ ಸಿಗುತ್ತದಾ ಕೇಳಿ. ಒಂದೇ ಮಾಸ್ಕ್ ತೋರಿಸಿ "ಎಲ್ಲರಿಗೂ ಇದೇ ಆಗುತ್ತೆ" ಅಂದರೆ ಒಪ್ಪಬೇಡಿ. ಮಲಗಿಕೊಂಡು, ಮಗ್ಗುಲಾಗಿ, ಗಾಳಿ ಆನ್ ಮಾಡಿ ನೋಡಿ. ಗಡ್ಡ, ದಪ್ಪ ಮೀಸೆ ಇರುವವರಿಗೆ ಗಾಳಿ ಸೋರುವುದು ಜಾಸ್ತಿ, ಮೂಗಿನ ಹೊಳ್ಳೆಗೆ ಮಾತ್ರ ಕೂರುವಂಥದ್ದು ಕೆಲವರಿಗೆ ಒಗ್ಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾಡೆಲ್ ನಂಬರ್ ನೋಡಿಕೊಳ್ಳಿ. ಒಳಗಿನ ಫೋಮ್ ಪುಡಿಯಾಗುವ ತೊಂದರೆಯಿಂದ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಹಲವು ಮಾಡೆಲ್‌ಗಳನ್ನು ವಾಪಸ್ ಕರೆಸಿತ್ತು. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ಗೆ ಬೋರ್‌ವೆಲ್ ನೀರು ಹಾಕಿದರೆ ವಾರದಲ್ಲಿ ಬಿಳಿ ಪದರ ಕಟ್ಟುತ್ತದೆ, ಡಿಸ್ಟಿಲ್ಡ್ ವಾಟರ್ ತನ್ನಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಲೈನಿಗೆ ಕೊಡಿಸಿ.

ಮೊದಲ ವಾರ ಕಿರಿಕಿರಿ ಆಗುತ್ತದೆ. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿ. ರಾತ್ರಿಗೆ ನಾಲ್ಕು ಗಂಟೆಯಾದರೂ ಬಳಸುತ್ತಿದ್ದೀರಾ ಅಂತ ಯಂತ್ರದ ಮೆಮೊರಿ ಕಾರ್ಡಿನಲ್ಲಿ ದಾಖಲಾಗುತ್ತದೆ, ಇಡೀ ರಾತ್ರಿ ಹಾಕಿದಷ್ಟೂ ಒಳ್ಳೆಯದು. ತಿಂಗಳ ನಂತರ ಡಾಕ್ಟರ ಹತ್ತಿರ ಹೋಗುವಾಗ ಆ ಕಾರ್ಡ್ ತೆಗೆದುಕೊಂಡು ಹೋಗಿ, ಒತ್ತಡ ಹೆಚ್ಚು ಕಡಿಮೆ ಮಾಡುವುದು ಅದನ್ನು ನೋಡಿಯೇ. ಮುಂದೆ ಯಾವುದೇ ಆಪರೇಷನ್ ಇದ್ದರೂ, ಹರ್ನಿಯಾ ಇರಲಿ, ಕಣ್ಣಿನ ಪೊರೆ ಇರಲಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಅಪ್ನಿಯಾ ಇದೆ ಅಂತ ಮುಂಚಿತವಾಗಿ ಹೇಳಿ, ಅಡ್ಮಿಟ್ ಆಗುವಾಗ ಯಂತ್ರವನ್ನೂ ಬ್ಯಾಗಿಗೆ ಹಾಕಿಕೊಳ್ಳಿ.